ತೂಕಕ್ಕ ಬಾರದ ಕಲ್ಲು

ಲೋಕಾಪುರ ದಾಟಿ ಎಡಕ್ಕ ಹೊರಳಿದರ
ಬಿಳೀ ದಾರಿ. ಎಕ್ಕಿ ಗಿಡಾನೂ ಬಿಳೀ, ಎಮ್ಮೀನೂ ಬಿಳೀ,
ಕ್ರಷರಿನ ಧೂಳು ಯಾರ ಬಣ್ಣಾನೂ ಕೇಳಂಗಿಲ್ಲ.
ಅಲ್ಲಿ ಕಾಟಾದ ಖೋಲ್ಯಾಗ ಕುಂತು
ಹನ್ನೊಂದು ವರ್ಷ ಚೀಟಿ ಬರದೀನಿ ನಾನು:
ಗಾಡಿ ನಂಬರು, ಖಾಲಿ ತೂಕ, ತುಂಬಿದ ತೂಕ, ಸಹಿ.

ಧಾರವಾಡದಿಂದ ಒಬ್ಬಾಕಿ ಬಂದ್ಲು ಫೆಬ್ರವರಿಯೊಳಗ,
ಬೆನ್ನಿಗೆ ಚೀಲ, ಕೈಯಾಗ ಸಣ್ಣ ಸುತ್ತಿಗಿ.
ಅದನ್ನ ನೋಡಿ ಹುಲಿಗೆವ್ವ ಬಂಡಿವಡ್ಡರ ನಕ್ಕಿದ್ದೇ ನಕ್ಕಿದ್ದು:
"ಇದರಲೇ ಏನ ಒಡೀತಿಯವ್ವಾ, ಶೇಂಗಾ?"
ಹುಡುಗಿ ಏನೂ ಒಡೀಲಿಲ್ಲ.
ಕುಡಿಯೂ ನೀರಿನ ಬಾಟಲಿ ತಗದು
ಪಡುವಲ ಬಂಡಿಗಲ್ಲಿನ ಮ್ಯಾಲ ಸುರುವಿದ್ಲು.

ನೀರು ಹರದಲ್ಲೆಲ್ಲ ಗೆರಿ ಎದ್ದು ಬಂದವು,
ಪದರಿನ ಮ್ಯಾಲ ಪದರು, ಡುಬ್ಬದ ಮ್ಯಾಲ ಡುಬ್ಬ.
"ಉಳ್ಳಾಗಡ್ಡಿ!" ಅಂದ್ಲು ಹುಲಿಗೆವ್ವ,
ನಗೂದು ಬಿಟ್ಟು.

ಇಲ್ಲಿ ಸಮುದ್ರ ಇತ್ತಂತ.
ಮೊಣಕಾಲುದ್ದ ನೀರು, ಬೆಚ್ಚಗ.
ಮೀನಿಲ್ಲ, ಏಡಿ ಇಲ್ಲ, ಹವಳಾನೂ ಇನ್ನ ಹುಟ್ಟಿದ್ದಿಲ್ಲ.
ಬರೇ ಲೋಳಿ. ಕಣ್ಣಿಗೆ ಕಾಣದ ಜೀವಗಳ ಲೋಳಿ
ಬಿಸಿಲಿಗೆ ಮುಖಾ ಮಾಡಿ ಕುಂತು,
ಮೈಮ್ಯಾಲ ಸುಣ್ಣ ಬಿದ್ದರ
ಸುಣ್ಣಾ ಸೀಳಿ ಮತ್ತ ಮ್ಯಾಲೇರಿ...
ಬೆರಳಷ್ಟು ಬೆಳಿಯಾಕ ಎಷ್ಟು ನೂರು ವರ್ಷ
ಹೇಳಿದ್ಲು, ನಾ ಬರಕೊಳ್ಳಲಿಲ್ಲ.
ನನ್ನ ಪುಸ್ತಕದಾಗ ಟನ್ನಿನ ಲೆಕ್ಕ ಅಷ್ಟ ಹಿಡಸ್ತೈತಿ.

ಮೊಬೈಲಿನಾಗ ಒಂದು ನಡುಗಡ್ಡಿ ತೋರಿಸಿದ್ಲು.
ತೆಂಗು, ನೀಲಿ ನೀರು, ನಮ್ಮಂಥಾ ಕರೀ ಮಂದಿ
ಉಸರು ಹಿಡದು ಮುಳುಗಿ, ಮುರದ ಹವಳದ ತುಂಡು
ಕಬ್ಬಿಣದ ಚೌಕಟ್ಟಿಗೆ ಕಟ್ಟಾಕತ್ತಿದ್ರು, ವೀಳ್ಯದ ಬಳ್ಳಿ ಕಟ್ಟಿದಂಗ.
ಇಷ್ಟು ತಿಂಗಳು ಇಲ್ಲಿ ಬಲಿ ಬೀಸೂದಿಲ್ಲ ಅಂತ
ಊರ ಕೂಡಿ ಮಾತಾಡಿ, ಬುಂಡಿ ತೇಲಿಬಿಟ್ಟು ಗಡಿ ಹಾಕ್ಯಾರಂತ.
ಹುಲಿಗೆವ್ವ ಒಂದ ಕೇಳಿದ್ಲು:
"ಆ ತಿಂಗಳ ಕೂಲಿ ಅವರಿಗೆ ಯಾರು ಕೊಡ್ತಾರ?"
ಹುಡುಗಿ ಬಾಟಲಿ ಮುಚ್ಚಳ ತಿರುವಿಕೋತ ಕುಂತ್ಲು.

ಆಕಿ ಹೋದ್ಲು. ಪ್ರಶ್ನೆ ಇಲ್ಲೇ ಉಳೀತು.
ಚಾದ ಅಂಗಡ್ಯಾಗ, ರೇಶನ್ ಪಾಳ್ಯಾಗ, ಟ್ಯಾಂಕರಿನ ಮುಂದ
ಇಪ್ಪತ್ತು ದಿನ ಅದ ಜಗಳ.
"ಕಲ್ಲಿಗೆ ಕರುಣಾ ತೋರಿಸಿ ನಾವು ಮಣ್ಣು ತಿನ್ನೂಣೇನು?"
ಅಂದ ಟ್ರ್ಯಾಕ್ಟರಿನ ಕಂತು ಬಾಕಿದ್ದ ದ್ಯಾವಪ್ಪ.
ಸುಳ್ಳಲ್ಲ ಅದು.

ಆಮ್ಯಾಲ ಒಂದು ಮುಂಜಾನೆ
ಪಡುವಲ ಕಲ್ಲಿಗೆ ಹದಿನಾಕು ತೂತು ಕೊರದು ಮುಗದಿತ್ತು.
ಮದ್ದು ತುಂಬೂ ಮೌಲಾಲಿ ಬಂದ, ಬಗ್ಗಿದ,
ಅಂಗೈಯಾಗ ತಂಬಾಕ ತಿಕ್ಕಿದ.
"ನನ್ನ ಕೈ ಒಲ್ಲೆ ಅಂತಾವ," ಅಂದ.
ಅಷ್ಟ. ಪೆಟ್ಟಿಗಿ ಎತ್ತಿಕೊಂಡು ಮೂಡಲಕಡೆ ನಡದ.
ಮೂಡಲದ ಕಲ್ಲು ಬಿರುಸು, ದಾರಿ ದೂರ,
ದಿನಕ್ಕೊಂದು ಟ್ರಿಪ್ ಕಡಿಮಿ.
ಆ ಕಡಿಮಿಗೂ ಪಾಳಿ ಹಚ್ಚಿದ್ರು: ಇವತ್ತು ನಿಂದು, ನಾಳೆ ನಂದು.
ಮಾಲಕ ಒದರ್ಯಾಡಿದ, ಲೆಕ್ಕಾ ಹಾಕಿದ,
ಇನ್ನೂ ಪೂರಾ ಒಪ್ಪಿಲ್ಲ.

ಅಮಾಸಿಗೊಮ್ಮೆ ಹೆಣಮಕ್ಕಳು ಸುತ್ತ ಸುಣ್ಣದ ಗೆರಿ ಎಳೀತಾರ.
ಅದ ಕಲ್ಲು ಸುಟ್ಟ ಸುಣ್ಣ,
ಅದ ಕಲ್ಲಿಗೆ ಕಾವಲು.
ಮಳಿ ಬಂದರ ತೊಳದು ಹೋಗತೈತಿ, ಮತ್ತ ಎಳೀತಾರ.
ಹದಿನಾಕು ತೂತಿನಾಗ ನೀರು ನಿಂತೈತಿ.
ಒಂದರಾಗ ಈ ಸಲ
ಹಸರು ಪಾಚಿ ಕುಂತೈತಿ.

ಬಿಟ್ಟ ಕಲ್ಲಿನ ತೂಕಕ್ಕ ನನ್ನ ಚೀಟ್ಯಾಗ ಖಾನೇನ ಇಲ್ಲ.
ಒಯ್ದ ಕಲ್ಲಿನ ತೂಕ ಎಲ್ಲಾ ಐತಿ, ನನ್ನ ಅಕ್ಷರದಾಗ.
ಎಷ್ಟೋ ಸಮುದ್ರ ಡಾಂಬರಿನ ಕೆಳಗ ಮಲಗೈತಿ.
ಒಂದು ತುಂಡು ನಮ್ಮನಿ ಮೆಟ್ಟಲಕ್ಕೂ ಬಂದೈತಿ,
ಪುಕ್ಕಟ, ಯಾವಾಗೋ ನಾನ ಕೇಳಿ ಇಸಗೊಂಡಿದ್ದು.
ಮುಂಜಾನೆ ಹೆಂಡ್ತಿ ನೀರು ಚಿಮುಕಿಸಿದಾಗ
ಉಳ್ಳಾಗಡ್ಡಿ ಗೆರಿ ಏಳತಾವ.
ಕಾಲಿಡಲಾರದ ಬಾಗಲಾಗ ನಿಲ್ಲತೀನಿ
ಒಣಗೂತನ.
ಆಮ್ಯಾಲ ಡ್ಯೂಟಿಗೆ ಹೊತ್ತಾಗ್ತೈತಿ.