ಹನ್ನೊಂದನೆಯ ಪ್ರಶ್ನೆ

ಲಾನ್ಸೆಸ್ಟನ್ನಿನ ಶಾಲೆ. ಬೆಳಗಿನ ಆರೂಮುಕ್ಕಾಲು.
ಹಾಲ್‌ನ ಹೀಟರ್ ಇನ್ನೂ ಕೆಮ್ಮುತ್ತಿದೆ.
ಆಸ್ಪತ್ರೆಯ ಪಾಳಿಗೆ ಓಡುತ್ತಲೇ ಬ್ರಾನ್ವಿನ್
ಕ್ಯಾಲಮ್‌ನನ್ನು ನನಗೊಪ್ಪಿಸಿ ಹೋದಳು,
ಜೊತೆಗೆ ಅವನ ಹಳದಿ ಇಯರ್‌ಮಫ್.

ಅರ್ಜಿ ಕೇಳುತ್ತದೆ: ದಿನಕ್ಕೆ ಎಷ್ಟು ಗಂಟೆ
ಈ ಮಗುವಿಗೆ ಇನ್ನೊಬ್ಬರು ಬೇಕು?
ಕೈ ಒಣಗಿಸುವ ಯಂತ್ರ ಯಾವಾಗ ಗುಡುಗುತ್ತದೋ
ನನಗೇನು ಗೊತ್ತು?
ಗೇಟಿನ ಚಿಲಕ ಮಾತ್ರ ಅವನಿಗೆ ಗೊತ್ತು.

ಹೋದ ವರ್ಷ ಎರಡು ಎಂದು ಬರೆದೆ.
ಒಂದೂವರೆ ಕೊಟ್ಟರು.
ಉಳಿದ ಅರ್ಧ ಗಂಟೆ
ಹದಿನಾಲ್ಕು ಮಕ್ಕಳ ಟೋಸ್ಟಿಗೆ ಬೆಣ್ಣೆ ಸವರುತ್ತ
ಒಂದು ಕಾಲನ್ನು ಬಾಗಿಲಿಗೆ ಅಡ್ಡಗೊಟ್ಟು ನಿಂತೆ,
ವರ್ಷವಿಡೀ.

ಈಗ ಪೆನ್ನು ಎತ್ತುವಷ್ಟರಲ್ಲಿ
ಅವನೇ ಬಂದು, ಉತ್ತರದ ಚೌಕದೊಳಗೆ,
ಗೆರೆ ದಾಟದಂತೆ,
ಒಂದು ರೈಲು ಬಿಡಿಸಿದ.

ಅಳಿಸಲಿಲ್ಲ.
ಕೊನೆಯ ಬೋಗಿಯ ಮೇಲೆ ಸಣ್ಣಕ್ಕೆ ಬರೆದೆ:
ಮೂರು.