ಬಿರುಕು ಬಿಟ್ಟ ಬಿಲ್ಲೆ

ಆರು ತಿಂಗಳಿಂದ ನನ್ನ ಮೇಜಿನ ಮೇಲೆ
ಒಂದು ಪೋಲರಾಯ್ಡ್ ಚಿತ್ರ.
ಎಟ್ರುಸ್ಕನ್ನರ ಹೂಜಿ, ಮೈತುಂಬ ಮಣ್ಣು,
ಒಂದು ಕಿವಿ ಮುರಿದು ಪಕ್ಕದಲ್ಲೇ ಬಿದ್ದಿದೆ.
ಕೆಳಗೆ ಹಾಸಿದ ಹಳೆಯ ಪತ್ರಿಕೆಯಲ್ಲಿ
ಫುಟ್‌ಬಾಲ್ ಸುದ್ದಿ. ತಾರೀಖಿದ್ದ ಮೂಲೆ ಹರಿದಿದೆ.

ಹೂಜಿಯನ್ನು ಎಲ್ಲರೂ ನೋಡಿಯಾಗಿತ್ತು.
ಕಲೆ ಕದ್ದವರನ್ನು ಹಿಡಿಯುವ ಪೊಲೀಸರು ನೋಡಿದರು,
ವಕೀಲರು ಭೂತಗನ್ನಡಿ ಹಿಡಿದು ನೋಡಿದರು,
ಕಡಲಾಚೆಯ ಮ್ಯೂಸಿಯಮ್ಮಿನವರೂ ನೋಡಿ
‘ಹೌದು, ಹೋಲುತ್ತದೆ’ ಎಂದು ಒಂದೇ ಸಾಲು ಬರೆದರು.
ಹೋಲುವುದು ಸಾಕ್ಷಿಯಲ್ಲ.
ನಾನು ನೆಲ ನೋಡುತ್ತ ಕೂತೆ.

ಪತ್ರಿಕೆಯಂಚಿನಿಂದ ಇಣುಕುವ ನಾಲ್ಕು ಬಿಲ್ಲೆ,
ಹಳದಿಯ ಮೇಲೆ ನೀಲಿ ನಕ್ಷತ್ರ.
ಮೂರು ನೆಟ್ಟಗಿವೆ. ನಾಲ್ಕನೆಯದಕ್ಕೆ
ಉದ್ದಕ್ಕೂ ಬಿರುಕು,
ಬಿರುಕಿಗೆ ಯಾರೋ ಬೆರಳಲ್ಲೇ ಸವರಿದ ಸಿಮೆಂಟು.

ಇವತ್ತು, ವಿತೆರ್ಬೊ ದಾಟಿ, ಬಸ್ಸು ತಿರುಗಿ ವಾಪಸಾಗುವ ಊರಲ್ಲಿ,
ಎರ್ಸಿಲಿಯಾ ಎಂಬ ಮುದುಕಿಯ ಅಡುಗೆಮನೆಯಲ್ಲಿ
ನನ್ನ ಎಡಗಾಲ ಬೂಟಿನ ಮುಂದೆ
ಅದೇ ಬಿರುಕು.

ಬಂದದ್ದು ಬೇರೆಯದಕ್ಕೆ. ಅವಳ ಗಂಡ ನಜ್ಜರೇನೊ
ನೆಲದ ಮಾತು ಬಲ್ಲವನೆಂದು ಊರೇ ಹೇಳುತ್ತಿತ್ತು.
ಉದ್ದನೆಯ ಕಬ್ಬಿಣದ ಸಲಾಕೆ ಊರಿ
ಅಂಗೈಗೆ ಬಂದ ನಡುಕದಲ್ಲೇ ತಿಳಿಯುತ್ತಿದ್ದನಂತೆ
ಇದು ಬಂಡೆ, ಇದು ಬೇರು,
ಇದು ಎರಡೂವರೆ ಸಾವಿರ ವರ್ಷದ ಟೊಳ್ಳು.
ಸಲಾಕೆ ಈಗ ಟೊಮೇಟೊ ಗಿಡಕ್ಕೆ ಊರುಗೋಲು.
ಅವನು ಸತ್ತು ಒಂಬತ್ತು ವರ್ಷ.
ಗೋರಿಗೆ ದಪ್ಪ ಕಲ್ಲೇ ಹಾಕಿಸಿದೆ, ಎಂದಳು,
ಅವನ ಕೈಕೆಳಗೆ ಕಲಿತ ಹುಡುಗರು ಇನ್ನೂ ಇದ್ದಾರೆ ನೋಡು.

ಬಿಲ್ಲೆಯ ಮೇಲೆ ಬೆಕ್ಕಿನ ತಟ್ಟೆ.
ತಟ್ಟೆ ಸರಿಸಿದೆ. ಚಿತ್ರ ತೆಗೆದು ಬಿರುಕಿನ ಪಕ್ಕಕ್ಕಿಟ್ಟೆ.
ಬೆಕ್ಕು ನನ್ನನ್ನು ನೋಡಿತು, ಅವಳು ಚಿತ್ರವನ್ನು.
ಒಲೆಯ ಮೇಲೆ ಕಾಫಿ ಉಕ್ಕಿತು. ಯಾರೂ ಏಳಲಿಲ್ಲ.

ಕೊನೆಗೆ ಅವಳು ಕೇಳಿದ್ದು ಜೈಲಿನ ಮಾತಲ್ಲ,
ದುಡ್ಡಿನ ಮಾತೂ ಅಲ್ಲ:
‘ಅದರ ಕಿವಿ ಅಂಟಿಸಿದರೇ?’

ಅಂಟಿಸಿದ್ದಾರೆ, ಎಂದೆ. ಗೆರೆ ಕಾಣದ ಹಾಗೆ.
ಗಾಜಿನೊಳಗಿದೆ, ಮೆತ್ತನೆಯ ದೀಪವಿದೆ,
ಕೆಳಗೊಂದು ಚೀಟಿ. ಸಿಕ್ಕಿದ ಜಾಗ ತಿಳಿಯದು.
ಹಿಂದಿನ ಒಡೆಯರು ಒಬ್ಬ ಸ್ವಿಸ್ ಗೃಹಸ್ಥರು.

‘ಗೃಹಸ್ಥ!’ ಕೆಮ್ಮಿನ ಜತೆ ನಗು ಬಂತವಳಿಗೆ.
‘ಗೃಹ ಇದು, ಇದೇ ನೆಲ.
ಬಟ್ಟೆ ಒಗೆವ ತೊಟ್ಟಿಯಲ್ಲಿ ತೊಳೆದವಳು ನಾನು,
ಎಂಟು ತಿಂಗಳ ಬಸುರಿ, ಬಗ್ಗಲಾಗದೆ
ಮಂಡಿಯೂರಿ ತೊಳೆದೆ. ಒಳಗೆ ಕೈ ಹಾಕಿದರೆ
ಬೂದಿಯಂಥ ಮಣ್ಣು, ಮಣ್ಣಿನೊಳಗೆ
ಮೂರೇ ಬೆರಳು ತೂರುವ ಕಂಚಿನ ಬಳೆ.
ಮಗುವಿನದು, ಎಂದೆ. ಗೊತ್ತು, ಎಂದ.
ಇನ್ನೇನಿತ್ತು ಅಲ್ಲಿ, ಎಂದೆ. ಮಾತಾಡಲಿಲ್ಲ.
ಆ ರಾತ್ರಿಯೇ ಬಳೆ ಜೇಬಿಗೆ ಹಾಕಿಕೊಂಡು
ಗುಂಡಿ ಮುಚ್ಚಲು ಹೋದ.
ಜೀವಮಾನದಲ್ಲಿ ಅವನು ಮುಚ್ಚಿದ್ದು ಅದೊಂದೇ.’

ನನ್ನ ಕಸುಬೆಲ್ಲ ಎರಡೇ ಅಕ್ಷರ: ಎಲ್ಲಿ.
ಯಾರು ಎಂಬುದು ಪೊಲೀಸರಿಗೆ,
ಎಷ್ಟಕ್ಕೆ ಎಂಬುದು ವಕೀಲರಿಗೆ.
ಎಲ್ಲಿ ಎಂಬುದು ತಪ್ಪಿಹೋದರೆ
ಹೂಜಿ ಬರಿಯ ಹೂಜಿ. ಅದನ್ನು
ಯಾರ ತಲೆದೆಸೆಗೆ ಇಟ್ಟು ಯಾರು ಅತ್ತರೆಂಬುದು
ಮತ್ತೆ ಯಾರಿಗೂ ದಕ್ಕದು.
ಕೇಳಿದೆ.

ಅವಳು ಕಿಟಕಿಯತ್ತ ನೋಡಲಿಲ್ಲ.
ಉಕ್ಕಿ ಚೆಲ್ಲಿದ ಕಾಫಿಯಲ್ಲಿ ಬೆರಳದ್ದಿ
ಮೇಜಿನ ಮೇಲೆ ಗೆರೆ ಎಳೆದಳು.
ಇದು ಹಳ್ಳ. ಇದು ಬೆಲಾರ್ದಿಯವರ ಆಲಿವ್ ತೋಟ.
ಇಲ್ಲಿ ಒಂಟಿ ಅಂಜೂರ, ಬೇರು ಒಳಕ್ಕೇ ಇಳಿದಿದೆ.
ಇಲ್ಲಿ.
ಬೆರಳು ಅಲ್ಲೇ ನಿಂತಿತು.
‘ಬಳೆ ಅಲ್ಲೇ ಇದೆ. ನೀವೂ ಅಗೆಯುತ್ತೀರಾ?’

ನಾವು ಅಗೆಯುವುದು ಕುಂಚದಲ್ಲಿ,
ದಾರ ಕಟ್ಟಿ, ಅಳೆದು, ಅಪ್ಪಣೆ ಪಡೆದು,
ಎಂದು ಹೇಳಲು ಬಾಯಿ ತೆರೆದೆ.
ಮೇಜಿನ ಮೇಲೆ ಹಳ್ಳ ಆಗಲೇ ಆರತೊಡಗಿತ್ತು.
ಬೇಗಬೇಗ ನಕಲು ಮಾಡಿಕೊಂಡೆ,
ಹಳ್ಳ, ತೋಟ, ಅಂಜೂರ.
ಬೆಕ್ಕು ತನ್ನ ತಟ್ಟೆಗಾಗಿ ನನ್ನ ಬೂಟು ಪರಚುತ್ತಿತ್ತು.