ಬಟ್ಟೆ ಒಗೆತದ ಬಾಬ್ತು

ಓಹಾಯೋ, ಎಂಬತ್ತೆರಡರ ಮಾರ್ಚಿ. ಕೆಸರು ಇನ್ನೂ
ಮೈದಾನ ಬಿಟ್ಟುಕೊಟ್ಟಿರಲಿಲ್ಲ.
ಚೆಂಡು ಹಿಡಿಯಲು ಬಾರದ ನನ್ನನ್ನು
ಕೈಯೆತ್ತಿ ಆರಿಸಿದರು, ತಂಡದ ಖಜಾಂಚಿಯೆಂದು:
ಅಪ್ಪನದು ಹುಲ್ಲು ಹುರುಳಿಯ ಅಂಗಡಿ,
ಮಗನಿಗೂ ಲೆಕ್ಕ ಬಂದೀತು ಎಂದು.

ಹಿಂದಿನವನು, ಆಬ್ನರ್ ಕ್ರೌಲ್, ಒಪ್ಪಿಸಿದ್ದಿಷ್ಟು:
ಬೆನ್ನು ಕಿತ್ತ ಕಿರ್ದಿ ಪುಸ್ತಕ,
ತಂಬಾಕಿನ ಡಬ್ಬಿಯಲ್ಲಿ ಹನ್ನೊಂದು ಸೆಂಟು,
ದರ್ಜಿ ಹೋಲ್ಟ್ಸರನಿಗೆ ಮೂವತ್ತೆಂಟು ಡಾಲರು ಉದ್ರಿ,
ಮತ್ತೆ ಒಂದು ಬುದ್ಧಿಮಾತು:
"ದೊಡ್ಡ ಬೀದೀಲಿ ನಡೀಬೇಡ, ಹಿಂದಿನ ಓಣಿ ಹಿಡಿ."

ಹಿಂದಿನ ಓಣಿಯಲ್ಲೇ ಸಿಕ್ಕ ದರ್ಜಿ.
ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದ:
"ಒಂಬತ್ತು ಫ್ಲಾನೆಲ್ ಅಂಗಿ, ಎದೆಗೊಂದು ಕೆಂಪು ಅಕ್ಷರ.
ಅಕ್ಷರವನ್ನಾದರೂ ಬಿಚ್ಚಿ ಕೊಡ್ತೀಯೇನಪ್ಪ?"

ಬಾಗಿಲು ಬಾಗಿಲು ತಟ್ಟಿದೆ. ತಲೆಗೆ ಅರ್ಧ ಡಾಲರು ಚಂದಾ.
ದೈವಶಾಸ್ತ್ರದ ಹುಡುಗರು ಹತ್ತು ಸೆಂಟು ಕೊಟ್ಟು
ರಸೀದಿ ಕೇಳಿದರು.
ಎರಡನೇ ಮಹಡಿಯ ಸಿರಿವಂತ ದೀಪ ಆರಿಸಿ
ಉಸಿರು ಬಿಗಿಹಿಡಿದು ಕೂತ;
ಆ ಉಸಿರಿಗೆ ಕಿವಿಗೊಟ್ಟು ನಾನೂ ಕೂತೆ, ಬಾಗಿಲ ಈಚೆ.
ಗ್ರೀಕ್ ಪ್ರೊಫೆಸರರು ಒಂದು ಡಾಲರು ಕೊಟ್ಟು
ಹೆಸರು ಬರೆಯಬೇಡ ಎಂದರು.

ಖರ್ಚು ಮಾತ್ರ ಹೆಸರು ಹೇಳಿಕೊಂಡೇ ಬರುತ್ತಿತ್ತು.
ಚೆಂಡು, ಒಂದೂಕಾಲು ಡಾಲರು, ಆಟಕ್ಕೊಂದೇ;
ಹೊಳೆಗೆ ಬಿದ್ದರೆ ಈಜು ಬಲ್ಲವನು ಹಾರತಕ್ಕದ್ದು.
ಬ್ಯಾಟು ನಾಲ್ಕು, ಗಾಡಿಚಕ್ರದ ಬಡಗಿ ಕಡೆದದ್ದು,
ಕೂಲಿಯ ಬದಲು ಅವನ ಮಗಳಿಗೆ ಬೀಜಗಣಿತ, ಆರು ಪಾಠ.
ಕ್ಯಾಚರನಿಗೆ ತಂತಿಯ ಮುಖವಾಡ
(ಎತ್ತಿಗೆ ಕುಕ್ಕೆ ಹಾಕಿದ ಹಾಗಿದೆ ಎಂದು ಊರೇ ನಕ್ಕಿತು);
ಕುಕ್ಕೆ ಬೆರಳು ಕಾಯಲಿಲ್ಲ, ಡಾಕ್ಟರಿಗೆ ಎಪ್ಪತ್ತೈದು ಸೆಂಟು.
ಅಂಪೈರನ ಊಟ. ಅಂಪೈರನ ಎರಡನೇ ಊಟ.

ಬೇಲಿಯಿಲ್ಲದ ಮೈದಾನಕ್ಕೆ ಟಿಕೀಟು ಯಾರು ಕೊಂಡಾರು?
ಟೋಪಿ ಸುತ್ತಿಸಿದೆ. ಮರಳಿ ಬಂದದ್ದು
ಆರು ಡಾಲರು, ಒಂದು ಷರಾಯಿ ಗುಂಡಿ,
ಯಾರೋ ಅರ್ಧ ಚೀಪಿದ ಪೆಪ್ಪರಮೆಂಟು.

ಮತ್ತೆ ಹೆಫರ್ನನ್.
ಇಟ್ಟಿಗೆ ಗೂಡಿನ ಆಳು; ಅವನೆಸೆದ ಚೆಂಡು
ಬ್ಯಾಟಿನ ಹತ್ತಿರ ಬಂದು ಮನಸ್ಸು ಬದಲಿಸುತ್ತಿತ್ತು.
ಕ್ಯಾಪ್ಟನ್ ಅವನನ್ನು ಕೈಬರಹದ ತರಗತಿಗೆ ಸೇರಿಸಿ
ವಿದ್ಯಾರ್ಥಿ ಎಂದ. ಆಟಕ್ಕೆ ಮೂರು ಡಾಲರು, ಗುಟ್ಟಾಗಿ;
ದುಡ್ಡಿಗೆ ಆಡುವುದು ಗೌರವಸ್ಥರ ಲಕ್ಷಣವಲ್ಲವಲ್ಲ!
ಕಿರ್ದಿಯಲ್ಲಿ ಏನೆಂದು ಬರೆಯಲಿ?
ಲೇಖನಿ ಒಣಗುವವರೆಗೆ ಯೋಚಿಸಿದೆ. ಅದ್ದಿಕೊಂಡು ಬರೆದೆ:
"ಬಟ್ಟೆ ಒಗೆತ, ಮೂರು ಡಾಲರು."
ಹೀಗೆ ಆರು ಸಲ.

ಜೂನಿನಲ್ಲಿ ಪ್ರಾರ್ಥನಾಮಂದಿರದಲ್ಲಿ ಲೆಕ್ಕ ಓದಿದೆ.
ತಾಳೆಯಾಯಿತು. ದರ್ಜಿಯ ಬಾಕಿ ಸಂದಾಯ, ಶಿಲ್ಕು ನಾಲ್ಕು ಸೆಂಟು. ಚಪ್ಪಾಳೆ.
"ಒಗೆತಕ್ಕೆ, ಇಪ್ಪತ್ತು ನಲವತ್ತು" ಎಂದಾಗ
ಹಿಂದಿನ ಬೆಂಚು ಒರೆಸುತ್ತಿದ್ದ ಮಿಸೆಸ್ ಪೆಟಿಗ್ರೂ
ಕೈ ನಿಲ್ಲಿಸಿದಳು.
ನಮ್ಮ ಮೊಣಕಾಲಿನ ಹುಲ್ಲುಕಲೆ, ರಕ್ತದ ಕಲೆ
ಊರಲ್ಲಿ ಬಲ್ಲವಳು ಆಕೆಯೊಬ್ಬಳೇ.
ಅದಕ್ಕಾಗಿ ಆಕೆಗೆ ಸಂದದ್ದು,
ಇಡೀ ವಸಂತಕ್ಕೆ, ಎರಡು ಡಾಲರು ನಲವತ್ತು.

ಜಗಳಕ್ಕೆ ಬರಲಿಲ್ಲ.
ಮಾರನೇ ದಿನ ಗಂಜಿ ಹಾಕಿದ ಅಂಗಿಗಳ ಮೇಲೊಂದು ಚೀಟಿ,
ಯಾರ ಕೈಲೋ ಬರೆಸಿದ್ದು:
ಇಪ್ಪತ್ತು ನಲವತ್ತು. ಸಂದದ್ದು ಎರಡು ನಲವತ್ತು.
ಬಾಕಿ ಹದಿನೆಂಟು.

ಬೇಸಿಗೆಯಿಡೀ ಅಪ್ಪನ ಅಂಗಡಿಯಲ್ಲಿ ಓಟ್ಸ್ ಮೂಟೆ ಹೊತ್ತೆ.
ನವೆಂಬರಿನಲ್ಲಿ ಕೊನೆಯ ಡಾಲರು ಎಣಿಸಿಕೊಟ್ಟೆ;
ಆಕೆ ಇನ್ನೊಮ್ಮೆ ಎಣಿಸಿದಳು.
ನಾನು ಬರೆದಿದ್ದ ಸುಳ್ಳು ಅಂದಿನಿಂದ ನಿಜ.

ಆದರೆ ಆ ಚೀಟಿ ಈಗಲೂ ತೆಗೆದು ನೋಡುತ್ತೇನೆ.
ಹದಿನೆಂಟರ ಎಂಟು ಎಷ್ಟು ದುಂಡಗಿದೆ,
ಅದರ ಬಾಲ ಹೇಗೆ ಕೊನೆಗಳಿಗೆಯಲ್ಲಿ
ಎಡಕ್ಕೆ ತಿರುಗುತ್ತದೆ!
ಕೈಬರಹದ ತರಗತಿಗೆ ಹೆಫರ್ನನ್
ಒಂದು ದಿನವೂ ತಪ್ಪಿಸಿರಲಿಲ್ಲ.